ಕೊನೆಯ ಮಿಲ್ಲಿನ ಬಿಸಿನೀರು

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಒಂದೇ ಸಲ ಅರೆದು ಮುಗಿಯುವುದಿಲ್ಲ. ಸಾಲಾಗಿ ನಿಂತ ನಾಲ್ಕೈದು ಮಿಲ್ಲುಗಳಲ್ಲಿ ಒಂದಾದ ಮೇಲೊಂದರಂತೆ ಹಿಂಡಿಸಿಕೊಳ್ಳುತ್ತದೆ. ಕೊನೆಯ ಮಿಲ್ಲಿಗೆ ಹೋಗುವ ಮುನ್ನ ಆ ಸಿಪ್ಪೆಯ ಮೇಲೆ ಬಿಸಿನೀರು ಹನಿಸುತ್ತಾರೆ. ನಾರಿನಲ್ಲಿ ಉಳಿದುಕೊಂಡ ಸಕ್ಕರೆಯನ್ನು ಆ ನೀರು ಕರಗಿಸಿಕೊಂಡು ಹೊರಗೆ ತರುತ್ತದೆ. ಹೀಗೆ ಬಂದ ತೆಳು ರಸವನ್ನು ಹಿಂದಿನ ಮಿಲ್ಲಿಗೆ, ಅಲ್ಲಿಯದನ್ನು ಅದರ ಹಿಂದಿನದಕ್ಕೆ ಮರಳಿ ಕೊಡುತ್ತಾರೆ. ಕಾರ್ಖಾನೆಯವರು ಇದನ್ನು ಇಂಬಿಬಿಷನ್ ಎನ್ನುತ್ತಾರೆ. ಎಷ್ಟು ನೀರು ಹನಿಸಬೇಕು? ಪಾಳಿಯ ಕೆಮಿಸ್ಟ್ ಮತ್ತು ಎಂಜಿನಿಯರ್ ದಿನವೂ ಎದುರಿಸುವ ಈ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಬದುಕಿನ ಬಹುಭಾಗ ಇಂಥ ಪ್ರಶ್ನೆಗಳ ಮೇಲೆ ನಿಂತಿರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ದಿನಕ್ಕೆ 10,000 ಟನ್ ಕಬ್ಬು ನುರಿಸುವ ಒಂದು ಕಾರ್ಖಾನೆ ಇದೆ ಎಂದುಕೊಳ್ಳೋಣ. ಕಬ್ಬಿನಲ್ಲಿ ನೂರಕ್ಕೆ 13 ಪಾಲು ಸಕ್ಕರೆ ಇದ್ದರೆ ಗೇಟಿನೊಳಗೆ ದಿನಕ್ಕೆ 1,300 ಟನ್ ಸಕ್ಕರೆ ಬಂದಂತಾಯಿತು. ಹಿಂಡಿದ ಮೇಲೆ ಉಳಿಯುವ ಬಗ್ಯಾಸ್ ಸುಮಾರು 2,900 ಟನ್. ಅದರಲ್ಲಿ ನೂರಕ್ಕೆ ಎರಡು ಪಾಲು ಸಕ್ಕರೆ ಉಳಿದರೂ 58 ಟನ್ ಬಾಯ್ಲರಿನ ಬೆಂಕಿಗೆ ಹೋಗುತ್ತದೆ. ಹಾಗಾದರೆ ನೀರು ಹೆಚ್ಚು ಹನಿಸಿ ಅದನ್ನೂ ತೊಳೆದುಕೊಳ್ಳಬಾರದೇಕೆ ಎಂದು ಯಾರಿಗಾದರೂ ಅನಿಸುತ್ತದೆ. ತೊಡಕು ಇರುವುದೇ ಇಲ್ಲಿ: ಹನಿಸಿದ ನೀರನ್ನೆಲ್ಲ ಮುಂದೆ ಇವಾಪೊರೇಟರಿನಲ್ಲಿ ಕುದಿಸಿ ಓಡಿಸಬೇಕು. ಕಬ್ಬಿನ ತೂಕದ ನೂರಕ್ಕೆ 30ರಷ್ಟಿದ್ದ ನೀರನ್ನು 40ಕ್ಕೆ ಏರಿಸಿದರೆ ದಿನಕ್ಕೆ 1,000 ಟನ್ ನೀರು ಹೆಚ್ಚುತ್ತದೆ. ನಾಲ್ಕು ಹಂತದ ಇವಾಪೊರೇಟರಿನಲ್ಲಿ ಒಂದು ಟನ್ ಉಗಿ ಸುಮಾರು ನಾಲ್ಕು ಟನ್ ನೀರನ್ನು ಆವಿ ಮಾಡುತ್ತದೆ. ಅಂದರೆ 250 ಟನ್ ಉಗಿ ಹೆಚ್ಚು ಬೇಕು. ಆ ಉಗಿಯನ್ನು ಟರ್ಬೈನಿನಲ್ಲಿ ಕೊನೆಯವರೆಗೂ ಹರಿಯಬಿಟ್ಟಿದ್ದರೆ ಇನ್ನೂ 25 ಸಾವಿರ ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಸಿಗುತ್ತಿತ್ತು. ಯೂನಿಟ್ಟಿಗೆ ಐದು ರೂಪಾಯಿ ಹಿಡಿದರೆ ಕೈಬಿಟ್ಟುಹೋದದ್ದು ಒಂದೂಕಾಲು ಲಕ್ಷಕ್ಕೆ ಮೇಲೆ.

ಈಚೆ ಬದಿಯ ಲಾಭ ಏನು? ನೀರು ಹೆಚ್ಚಿದ್ದರಿಂದ ರಸ ತೆಗೆಯುವ ಪ್ರಮಾಣ ನೂರಕ್ಕೆ ಅರ್ಧ ಪಾಲು ಸುಧಾರಿಸಿದರೆ ಆರೂವರೆ ಟನ್ ಸಕ್ಕರೆ ರಸಕ್ಕೆ ಸೇರುತ್ತದೆ. ಅದರಲ್ಲಿ ಚೀಲಕ್ಕೆ ಇಳಿಯುವುದು ಐದೂವರೆ ಟನ್ ಎನ್ನೋಣ. ಕಿಲೋಗೆ 38 ರೂಪಾಯಿಯಂತೆ ಎರಡು ಲಕ್ಷದ ಆಸುಪಾಸು. ಇಲ್ಲಿಗೆ ನೀರಿನದೇ ಗೆಲುವು. ಆದರೆ ಮೊದಲು ಹನಿಸಿದ ನೀರು ತೊಳೆದಷ್ಟನ್ನು ಆಮೇಲೆ ಹನಿಸಿದ ನೀರು ತೊಳೆಯುವುದಿಲ್ಲ. ಸುಧಾರಣೆ ಅರ್ಧ ಪಾಲಿನ ಬದಲು ಕಾಲು ಪಾಲಿಗೆ ಇಳಿದರೆ ಲೆಕ್ಕ ತಿರುಗುತ್ತದೆ. ಅದೂ ಸಾಲದೆಂಬಂತೆ ಬಿಸಿನೀರು ಸಕ್ಕರೆಯ ಜೊತೆ ಬೇಡದ ಅಂಶಗಳನ್ನೂ ಕರಗಿಸಿ ತರುತ್ತದೆ; ರಸದ ಶುದ್ಧತೆ ಇಳಿದು ಸಕ್ಕರೆಯ ಬಣ್ಣ ಕೆಡುತ್ತದೆ. ಬಗ್ಯಾಸ್ ಹಸಿಯಾದರೆ ಬಾಯ್ಲರಿನಲ್ಲಿ ಬೆಂಕಿ ಕುಗ್ಗುತ್ತದೆ. ಈ ನೀರು ಬಹುತೇಕ ನದಿಯಿಂದ ಎತ್ತಿದ್ದೂ ಅಲ್ಲ, ಕಬ್ಬಿನದೇ. ಕಬ್ಬಿನ ತೂಕದಲ್ಲಿ ನೂರಕ್ಕೆ ಎಪ್ಪತ್ತರಷ್ಟು ನೀರು. ಇವಾಪೊರೇಟರಿನಿಂದ ಹೊರಬಂದ ಆವಿಯನ್ನು ತಣಿಸಿ ಅದನ್ನೇ ಮಿಲ್ಲಿಗೆ ಮರಳಿ ಕೊಡುತ್ತಾರೆ.

ಸಕ್ಕರೆ ಹೆಚ್ಚಬೇಕು, ವಿದ್ಯುತ್ ಹೆಚ್ಚಬೇಕು, ಗುಣಮಟ್ಟ ಇಳಿಯಬಾರದು. ಮೂರೂ ನ್ಯಾಯವಾದ ಬಯಕೆಗಳೇ. ಆದರೆ ಒಂದನ್ನು ಹಿಡಿದು ಎಳೆದರೆ ಇನ್ನೊಂದು ಜಗ್ಗುತ್ತದೆ. ಇಂಥ ಕಡೆ ಲೆಕ್ಕ ಹಾಕುವ ವಿದ್ಯೆಗೆ ಬಹುಮಾನದಂಡ ಆಪ್ಟಿಮೈಸೇಷನ್ ಎಂದು ಹೆಸರು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇದನ್ನು ವಿಮಾನದ ರೆಕ್ಕೆ, ಕಾರಿನ ಚಾಸಿಗಳ ಉದಾಹರಣೆ ಕೊಟ್ಟು ಕಲಿಸುವುದು ವಾಡಿಕೆ. ಕೃಷ್ಣಾ ತೀರದ ಹುಡುಗರಿಗೆ ಅಷ್ಟು ದೂರದ ಉದಾಹರಣೆ ಬೇಕಿಲ್ಲ ಎಂಬುದು ನನ್ನ ನಂಬಿಕೆ. ಮೊದಲು ಅಥಣಿ ತಾಲ್ಲೂಕಿನಲ್ಲಿದ್ದು ಈಗ ಕಾಗವಾಡಕ್ಕೆ ಸೇರಿದ ಉಗಾರ ಖುರ್ದದಲ್ಲಿ ಶಿರಗಾಂವಕರ್ ಮನೆತನದವರು ಉಗಾರ ಶುಗರ್ ವರ್ಕ್ಸ್ ಕಟ್ಟಿದ್ದು 1939ರಲ್ಲಿ. ಆಮೇಲೆ ಸಹಕಾರಿ ಕಾರ್ಖಾನೆಗಳ ಕಾಲ ಬಂತು: ಚಿಕ್ಕೋಡಿಯಲ್ಲಿ ಚಿದಾನಂದ ಬಸಪ್ರಭು ಕೋರೆ ಅವರ ಹೆಸರಿನ ದೂಧಗಂಗಾ ಕಾರ್ಖಾನೆ, ನಿಪ್ಪಾಣಿಯಲ್ಲಿ ಹಾಲಸಿದ್ಧನಾಥ, ಅಥಣಿಯಲ್ಲಿ ಕೃಷ್ಣಾ, ರಾಯಬಾಗದಲ್ಲಿ ರಾಯಬಾಗ ಸಹಕಾರಿ. ಅವುಗಳ ನಡುವೆ ಖಾಸಗಿಯವರೂ ಚಿಮಣಿ ಎತ್ತಿದರು. ದೇಶದಲ್ಲಿ ಇಷ್ಟು ಸಣ್ಣ ಪ್ರದೇಶಕ್ಕೆ ಇಷ್ಟು ಕಾರ್ಖಾನೆಗಳಿರುವ ಜಾಗಗಳು ಕಡಿಮೆ. ಸಕ್ಕರೆ ತಂತ್ರಜ್ಞಾನ ಕಲಿಸಲೆಂದೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಬೆಳಗಾವಿಯಲ್ಲಿದೆ. ಚಿಕ್ಕೋಡಿಯಲ್ಲಿ ಕೆಎಲ್ಇ ಎಂಜಿನಿಯರಿಂಗ್ ಕಾಲೇಜು, ನಿಪ್ಪಾಣಿಯಲ್ಲಿ ಕೋಠಿವಾಲೆ ತಾಂತ್ರಿಕ ಕಾಲೇಜು ಇವೆ. ಪಾಠ ಮತ್ತು ಪ್ರಯೋಗಶಾಲೆ ಎರಡೂ ಅಂಗಳದಲ್ಲೇ ಇವೆ.

ವಿದ್ಯೆಯ ತಿರುಳು ಸರಳ. ನೀರಿನ ಪ್ರಮಾಣ, ಮಿಲ್ಲಿನ ವೇಗ, ಉಗಿಯ ಒತ್ತಡ, ಇವುಗಳನ್ನೆಲ್ಲ ಬದಲಿಸುತ್ತ ಹೋದಂತೆ ಸಿಗುವ ಫಲಿತಾಂಶಗಳನ್ನು ಒಂದು ಹಾಳೆಯ ಮೇಲೆ ಚುಕ್ಕೆಗಳಾಗಿ ಇಡಿ. ಅಡ್ಡಗೆರೆಯಲ್ಲಿ ವಿದ್ಯುತ್, ನೆಟ್ಟಗೆರೆಯಲ್ಲಿ ಸಕ್ಕರೆ. ಕೆಲವು ಚುಕ್ಕೆಗಳಿಗಿಂತ ಬೇರೊಂದು ಚುಕ್ಕೆ ಎರಡರಲ್ಲೂ ಮೇಲಾಗಿರುತ್ತದೆ. ಅಂಥವನ್ನು ಯೋಚಿಸದೆ ಅಳಿಸಬಹುದು. ಅಳಿಸಿ ಅಳಿಸಿ ಉಳಿಯುವ ಚುಕ್ಕೆಗಳು ಒಂದು ಬಾಗಿದ ಗೆರೆಯಾಗಿ ನಿಲ್ಲುತ್ತವೆ. ಆ ಗೆರೆಯ ಮೇಲೆ ಇರುವಾಗ ಇನ್ನಷ್ಟು ಸಕ್ಕರೆ ಬೇಕೆಂದರೆ ವಿದ್ಯುತ್ತನ್ನು ಬಿಟ್ಟುಕೊಡಲೇಬೇಕು. ಗೆರೆಯ ಒಳಗೆ ಎಲ್ಲೋ ಇದ್ದರೆ ಬಿಟ್ಟುಕೊಡದೆಯೂ ಎರಡನ್ನೂ ಸುಧಾರಿಸಬಹುದು. ರೋಲರಿನ ಹಲ್ಲು ಸವೆದಿರುವುದು, ಇವಾಪೊರೇಟರಿನ ಕೊಳವೆಗಳಲ್ಲಿ ಕಿಟ್ಟ ಕಟ್ಟಿರುವುದು ಇಂಥ ಕಾರಣಗಳಿಂದ ಬಹಳಷ್ಟು ಕಾರ್ಖಾನೆಗಳು ಗೆರೆಯ ಒಳಗೇ ಇರುತ್ತವೆ. ಆದ್ದರಿಂದ ಗಣಿತದ ಮೊದಲ ಉಪಕಾರವೆಂದರೆ ನಾವು ಎಲ್ಲಿ ನಿಂತಿದ್ದೇವೆ ಎಂದು ತೋರಿಸುವುದು. ಆಯ್ಕೆಯ ಸಂಕಟ ಶುರುವಾಗುವುದು ಗೆರೆ ಮುಟ್ಟಿದ ಮೇಲೆ.

ಈ ಗೆರೆಗೆ ವಿಲ್ಫ್ರೆಡೊ ಪರೇಟೊ ಎಂಬ ಇಟಲಿಯವನ ಹೆಸರಿದೆ. 1848ರಲ್ಲಿ ಹುಟ್ಟಿ 1923ರಲ್ಲಿ ತೀರಿಕೊಂಡ ಅವನನ್ನು ಜಗತ್ತು ಅರ್ಥಶಾಸ್ತ್ರಜ್ಞನೆಂದು ನೆನೆಯುತ್ತದೆ. ಆದರೆ ಅವನು ಟ್ಯೂರಿನ್‌ನಲ್ಲಿ ಓದಿದ್ದು ಎಂಜಿನಿಯರಿಂಗ್. ರೈಲ್ವೆಯಲ್ಲಿ, ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದ ಮೇಲೆಯೇ ಅರ್ಥಶಾಸ್ತ್ರಕ್ಕೆ ಬಂದವನು. ಯಾರಿಗೂ ನಷ್ಟವಾಗದೆ ಇನ್ನೊಬ್ಬರಿಗೆ ಲಾಭ ಮಾಡಿಕೊಡಲು ಸಾಧ್ಯವಿಲ್ಲದ ಸ್ಥಿತಿಯ ಬಗ್ಗೆ ಅವನು ಬರೆದದ್ದು ಅರ್ಧ ಶತಮಾನ ಕಳೆದು ಎಂಜಿನಿಯರಿಂಗಿಗೆ ಮರಳಿ ಬಂತು. 1950ರ ದಶಕದ ನಡುವಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಮಾಸ್ ಮೊದಲಾದವರು ಅಣೆಕಟ್ಟುಗಳ ಯೋಜನೆಯನ್ನು ಹಣದ ಲಾಭವೊಂದರಿಂದಲೇ ಅಳೆಯಬಾರದು ಎಂದು ವಾದಿಸಿ, 1962ರಲ್ಲಿ ಜಲಸಂಪನ್ಮೂಲ ವ್ಯವಸ್ಥೆಗಳ ವಿನ್ಯಾಸದ ಬಗ್ಗೆ ದೊಡ್ಡ ಗ್ರಂಥವನ್ನೇ ತಂದರು. ನಮ್ಮ ದೇಶದ ಕೊಡುಗೆಯೂ ಸಣ್ಣದಲ್ಲ. ಐಐಟಿ ಕಾನ್ಪುರದಲ್ಲಿದ್ದ ಕಲ್ಯಾಣ್ಮಯ್ ದೇಬ್ ತಮ್ಮ ವಿದ್ಯಾರ್ಥಿಗಳ ಜೊತೆ 2002ರಲ್ಲಿ ಪ್ರಕಟಿಸಿದ ಎನ್ಎಸ್‌ಜಿಎ-2 ಎಂಬ ವಿಧಾನವನ್ನು ಇಂದು ಜಗತ್ತಿನ ಎಲ್ಲ ಕಡೆಯ ವಿನ್ಯಾಸಕಾರರು ಬಳಸುತ್ತಾರೆ. ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಮಾರ್ಪಡುವಂತೆ ನೂರಾರು ಪರಿಹಾರಗಳನ್ನು ಬೆರೆಸಿ, ಸೋಸಿ, ಕಡೆಗೆ ಇಡೀ ಗೆರೆಯನ್ನೇ ಬಿಡಿಸಿಕೊಡುವ ವಿಧಾನ ಅದು.

ಇಡೀ ಗೆರೆ ಏಕೆ ಬೇಕು? ಸಕ್ಕರೆಗೆ ಇಷ್ಟು ತೂಕ, ವಿದ್ಯುತ್ತಿಗೆ ಇಷ್ಟು ತೂಕ ಎಂದು ಮೊದಲೇ ನಿಗದಿ ಮಾಡಿ, ಎಲ್ಲವನ್ನೂ ಕೂಡಿಸಿ ಒಂದೇ ಅಂಕಿ ಮಾಡಿಬಿಟ್ಟರೆ ಸುಲಭವಲ್ಲವೇ? ಸುಲಭವೇನೋ ಹೌದು. ಆಡಳಿತ ಮಂಡಳಿಗಳೂ ಸರ್ಕಾರಿ ಟೆಂಡರುಗಳೂ ಮಾಡುವುದು ಇದನ್ನೇ. ಆದರೆ ಆ ತೂಕಗಳನ್ನು ಕೊಟ್ಟವರು ಯಾರೆಂಬುದು ಕೂಡಿಕೆಯ ಅಡಿಯಲ್ಲಿ ಹೂತುಹೋಗುತ್ತದೆ. ಗೆರೆ ಒಳಕ್ಕೆ ಬಾಗಿರುವ ಕಡೆ ಇರುವ ಒಳ್ಳೆಯ ಆಯ್ಕೆಗಳು ಈ ಕೂಡಿಕೆಯ ಕಣ್ಣಿಗೆ ಬೀಳುವುದೇ ಇಲ್ಲ ಎಂಬ ಗಣಿತದ ದೋಷ ಬೇರೆ. ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ: ಒಂದು ಗುರಿಯನ್ನು ಬಿಟ್ಟು ಉಳಿದವುಗಳಿಗೆ ಮಿತಿ ಹಾಕುವುದು. ಸಕ್ಕರೆಯ ಬಣ್ಣ ಇದಕ್ಕಿಂತ ಕೆಡಬಾರದು, ಬಗ್ಯಾಸಿನ ತೇವ ನೂರಕ್ಕೆ 50 ದಾಟಬಾರದು, ಅಷ್ಟರೊಳಗೆ ವಿದ್ಯುತ್ ಎಷ್ಟು ಹೆಚ್ಚಬಹುದು? ಮಿತಿಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಲೆಕ್ಕ ಹಾಕಿದರೆ ಒಂದರ ಬೆಲೆ ಇನ್ನೊಂದರಲ್ಲಿ ಎಷ್ಟೆಂದು ಎದ್ದು ಕಾಣುತ್ತದೆ. ಕಾರ್ಖಾನೆಯಲ್ಲಿ ಕೆಲಸ ಮಾಡುವವರಿಗೆ ಈ ಭಾಷೆ ಬೇಗ ಅರ್ಥವಾಗುತ್ತದೆ, ಏಕೆಂದರೆ ಅವರು ಯೋಚಿಸುವುದೇ ಮಿತಿಗಳಲ್ಲಿ.

ದಿನದ ನಿರ್ಧಾರ ತಪ್ಪಿದರೆ ನಾಳೆ ತಿದ್ದಬಹುದು. ವಿನ್ಯಾಸದ ನಿರ್ಧಾರ ತಪ್ಪಿದರೆ ಇಪ್ಪತ್ತು ವರ್ಷ ಅನುಭವಿಸಬೇಕು. ಹಳೆಯ ಕಾರ್ಖಾನೆಗಳ ಬಾಯ್ಲರುಗಳು 21 ಬಾರ್ ಒತ್ತಡದವು. ಆಗ ಬಗ್ಯಾಸ್ ಸುಟ್ಟು ಮುಗಿಸುವುದೇ ಮುಖ್ಯವಾಗಿತ್ತು, ಮಾರುವ ವಿದ್ಯುತ್ತಿನ ಮಾತಿರಲಿಲ್ಲ. ಆಮೇಲೆ 45, 67, 87, ಈಗ 110 ಬಾರ್‌ವರೆಗೆ ಏರಿದೆ. ಒತ್ತಡ ಏರಿದಷ್ಟೂ ಅದೇ ಬಗ್ಯಾಸಿನಿಂದ ಹೆಚ್ಚು ವಿದ್ಯುತ್ ಬರುತ್ತದೆ. ಅದರ ಜೊತೆಗೇ ದುಬಾರಿ ಉಕ್ಕು, ಇನ್ನೂ ಶುದ್ಧವಾದ ನೀರು, ನುರಿತ ಕೈಗಳು ಬೇಕು. ಇವಾಪೊರೇಟರಿನದೂ ಇದೇ ಕಥೆ. ನಾಲ್ಕರ ಬದಲು ಐದು ಹಂತ ಮಾಡಿದರೆ ಉಗಿ ಉಳಿಯುತ್ತದೆ. ಆದರೆ ಮೊದಲ ಪಾತ್ರೆಯ 115 ಡಿಗ್ರಿಯಿಂದ ಕೊನೆಯದರ 55 ಡಿಗ್ರಿಯವರೆಗಿನ ಉಷ್ಣತೆಯ ಇಳಿತವನ್ನು ಐದು ಪಾತ್ರೆಗಳು ಹಂಚಿಕೊಳ್ಳಬೇಕು. ಒಂದೊಂದರ ಪಾಲು ಕಡಿಮೆಯಾದಾಗ ಕೊಳವೆಗಳ ಮೈ ಹಿಗ್ಗಿಸಬೇಕು, ಖರ್ಚು ಹೆಚ್ಚುತ್ತದೆ. ರಸ ಬಿಸಿಯಲ್ಲಿ ಹೆಚ್ಚು ಹೊತ್ತು ನಿಂತರೆ ಸಕ್ಕರೆಯೇ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿ ಕಾಕಂಬಿಗೆ ಸೇರುತ್ತದೆ. ವರ್ಷವಿಡೀ ಓಡುವ ರಾಸಾಯನಿಕ ಘಟಕಕ್ಕೆ ಸರಿಹೊಂದುವ ಉತ್ತರ ಇಲ್ಲಿ ಹೊಂದುವುದಿಲ್ಲ. ನಮ್ಮದು ಹಂಗಾಮಿನ ಉದ್ದಿಮೆ. ಕಾರ್ಖಾನೆಗಳು ತಮ್ಮ ಸಾಮರ್ಥ್ಯ ಏರಿಸಿಕೊಂಡಷ್ಟೂ ಕಬ್ಬು ಬೇಗ ಮುಗಿದು ಹಂಗಾಮು ಕುಗ್ಗುತ್ತದೆ. ಕೋಟಿಗಟ್ಟಲೆ ಸುರಿದ ಬಾಯ್ಲರ್ ವರ್ಷದ ಬಹುಪಾಲು ತಣ್ಣಗೆ ನಿಂತಿರುತ್ತದೆ. ಈ ದಿನಗಳ ಲೆಕ್ಕ ಇಲ್ಲದ ವಿನ್ಯಾಸವನ್ನು ನಾನು ವಿನ್ಯಾಸವೆಂದು ಒಪ್ಪಲಾರೆ.

2018ರಿಂದ ಇನ್ನೊಂದು ಗುರಿ ಸೇರಿಕೊಂಡಿತು: ಎಥೆನಾಲ್. ಮೊದಲು ಸಕ್ಕರೆಯನ್ನೆಲ್ಲ ತೆಗೆದ ಮೇಲೆ ಉಳಿದ ಕೊನೆಯ ಕಾಕಂಬಿಯಿಂದಷ್ಟೇ ಅದನ್ನು ಮಾಡುತ್ತಿದ್ದರು. ಬಿ-ಹೆವಿ ಕಾಕಂಬಿಗೆ, ಅಂದರೆ ಇನ್ನೂ ಸಕ್ಕರೆ ಉಳಿಸಿಕೊಂಡ ನಡುಹಂತದ ಕಾಕಂಬಿಗೆ, ಬೇರೆ ದರ ಸಿಕ್ಕ ಮೇಲೆ ಸಕ್ಕರೆಯನ್ನು ಎಲ್ಲಿ ನಿಲ್ಲಿಸಿ ಎಥೆನಾಲ್ ಎಲ್ಲಿ ಶುರು ಮಾಡಬೇಕು ಎಂಬುದೇ ಒಂದು ಆಯ್ಕೆಯಾಯಿತು. ಒಂದು ಟನ್ ಕೊನೆಯ ಕಾಕಂಬಿಯಿಂದ 225–250 ಲೀಟರ್ ಬಂದರೆ ಬಿ-ಹೆವಿಯಿಂದ 300 ಲೀಟರ್ ದಾಟುತ್ತದೆ. 2023ರ ಡಿಸೆಂಬರಿನಲ್ಲಿ ಸಕ್ಕರೆ ಕೊರತೆಯ ಭಯದಿಂದ ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದನ್ನು ಹಠಾತ್ತನೆ ತಡೆಯಿತು. ಕೆಲವೇ ದಿನಗಳಲ್ಲಿ 17 ಲಕ್ಷ ಟನ್ ಸಕ್ಕರೆಯ ಮಿತಿ ಹಾಕಿ ಸಡಿಲಿಸಿತು. 2024ರ ಆಗಸ್ಟಿನಲ್ಲಿ ಮುಂದಿನ ಹಂಗಾಮಿಗೆ ಆ ಮಿತಿಯನ್ನೂ ತೆಗೆಯಿತು. ಸಾಲ ತಂದು ಡಿಸ್ಟಿಲರಿ ಕಟ್ಟಿದವರಿಗೆ ಇದರಿಂದ ಒಂದು ಪಾಠ ಸಿಕ್ಕಿತು: ಇಂದಿನ ದರಕ್ಕೆ ಅತ್ಯುತ್ತಮವಾದ ಚುಕ್ಕೆಗಿಂತ, ನಾಳೆ ನಿಯಮ ಬದಲಾದರೂ ತೀರಾ ಕುಸಿಯದ ಚುಕ್ಕೆ ಮೇಲು. ತಡೆದುಕೊಳ್ಳುವ ಶಕ್ತಿಯೂ ಒಂದು ಮಾನದಂಡವೇ. ಒಂದು ಲೀಟರ್ ಎಥೆನಾಲಿನ ಹಿಂದೆ ಹತ್ತು ಲೀಟರಿನ ಆಸುಪಾಸು ಹುಟ್ಟುವ ಕಪ್ಪು ತ್ಯಾಜ್ಯದ್ರವ ಕೃಷ್ಣೆಗೆ ಸೇರಬಾರದು ಎಂಬುದನ್ನು ಮಾತ್ರ ನಾನು ಮಾನದಂಡವೆಂದು ಕರೆಯುವುದಿಲ್ಲ. ಅದು ಚೌಕಾಸಿಗೆ ಒಳಪಡದ ಮಿತಿ. ವಿನಿಮಯಕ್ಕೆ ಇಡಬಹುದಾದದ್ದು ಯಾವುದು, ಇಡಬಾರದ್ದು ಯಾವುದು ಎಂದು ಮೊದಲೇ ಬೇರ್ಪಡಿಸುವುದು ಈ ವಿದ್ಯೆಯ ಅರ್ಧ ಕೆಲಸ.

ನದಿಯ ಮಾತು ಬಂದಿತು. ಕರ್ನಾಟಕದಲ್ಲಿ ಈ ಗಣಿತ ಹೆಚ್ಚು ಬೆಳೆದದ್ದು ಜಲಾಶಯಗಳ ಸುತ್ತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಿ. ನಾಗೇಶ್ ಕುಮಾರ್ ಮತ್ತು ಎಂ. ಜಂಗಾ ರೆಡ್ಡಿ 2006ರಲ್ಲಿ ಭದ್ರಾ ಜಲಾಶಯವನ್ನು ತೆಗೆದುಕೊಂಡು ನೀರಾವರಿಯ ಕೊರತೆ ಕಡಿಮೆಯಾಗಬೇಕು, ವಿದ್ಯುತ್ ಹೆಚ್ಚಬೇಕು ಎಂಬ ಎರಡು ಗುರಿಗಳ ನಡುವಿನ ಗೆರೆಯನ್ನು ಬಿಡಿಸಿ ತೋರಿಸಿದರು. ನಮ್ಮ ಕಡೆ ಅದೇ ಪ್ರಶ್ನೆ ಇನ್ನೂ ಉರಿಯುವಂಥದ್ದು. ಜುಲೈ ಕೊನೆಯಲ್ಲಿ ಆಲಮಟ್ಟಿಯನ್ನು 519.60 ಮೀಟರಿಗೆ ತುಂಬಿಸಿಟ್ಟುಕೊಂಡರೆ ಬೇಸಿಗೆಗೆ ನೀರು, ಟರ್ಬೈನಿಗೆ ಎತ್ತರ. ಖಾಲಿ ಬಿಟ್ಟರೆ ಮಹಾರಾಷ್ಟ್ರದ ಕೊಯ್ನಾದಿಂದ ಬರುವ ಪ್ರವಾಹಕ್ಕೆ ಜಾಗ. 2005, 2019, 2021ರ ನೆರೆಯಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ ತೀರದ ಊರುಗಳು ಮನೆಮಠ ಬಿಟ್ಟು ಎದ್ದವು. ವಾರಗಟ್ಟಲೆ ನೀರಲ್ಲಿ ನಿಂತ ಕಬ್ಬು ಕೊಳೆಯಿತು. ಆಲಮಟ್ಟಿಯೇ ಕಾರಣವೆಂದು ಮಹಾರಾಷ್ಟ್ರದಲ್ಲಿ ಕೂಗೆದ್ದಾಗ ಆ ರಾಜ್ಯವೇ ನೇಮಿಸಿದ ವಡ್ನೇರೆ ಸಮಿತಿ ಅದನ್ನು ಒಪ್ಪಲಿಲ್ಲ. ಆದರೂ ಎರಡು ರಾಜ್ಯಗಳ ಜಲಾಶಯಗಳನ್ನು ಒಂದೇ ಹಾಳೆಯ ಮೇಲಿಟ್ಟು, ಎಷ್ಟು ಟಿಎಂಸಿ ಬಿಟ್ಟುಕೊಟ್ಟರೆ ಎಷ್ಟು ಊರು ಉಳಿಯುತ್ತವೆ ಎಂಬ ಗೆರೆಯನ್ನು ನದಿತೀರದವರ ಮುಂದೆ ಹಿಡಿಯುವ ಕೆಲಸ ಬಾಕಿಯೇ ಇದೆ ಎಂದು ನನಗೆ ಅನಿಸುತ್ತದೆ. ಅದು ಇನ್ನೊಂದು ಲೇಖನದ ವಿಷಯ.

ಮತ್ತೆ ಕಾರ್ಖಾನೆಯ ಗೇಟಿಗೆ ಬರುತ್ತೇನೆ. ಇಷ್ಟು ಹೊತ್ತು ಹೇಳಿದ ಲೆಕ್ಕಗಳಲ್ಲೆಲ್ಲ ಒಬ್ಬರು ಬರಲೇ ಇಲ್ಲ: ಕಬ್ಬು ತಂದವರು.

ಕಡಿದ ಕಬ್ಬು ಬಿಸಿಲಲ್ಲಿ ಎರಡು ಬಗೆಯಾಗಿ ಕೆಡುತ್ತದೆ. ಒಣಗಿ ತೂಕ ಇಳಿಯುತ್ತದೆ. ಒಳಗಿನ ಸಕ್ಕರೆ ಒಡೆಯುತ್ತದೆ. ಕಡಿದ ತುದಿಯಿಂದ ಹೊಕ್ಕ ಬ್ಯಾಕ್ಟೀರಿಯಾ ಡೆಕ್ಸ್‌ಟ್ರಾನ್ ಎಂಬ ಲೋಳೆ ಹುಟ್ಟಿಸಿ, ಮುಂದೆ ಪ್ಯಾನಿನಲ್ಲಿ ಹರಳು ಕಟ್ಟುವುದನ್ನೇ ನಿಧಾನಿಸುತ್ತದೆ. ಬೆಂಕಿ ಬಿದ್ದ ಕಬ್ಬಾದರೆ ಎಲ್ಲವೂ ಇನ್ನೂ ಬೇಗ. ಈ ನಷ್ಟ ಯಾರ ಪಾಲಿನದು? ರೈತರಿಗೆ ಹಣ ಸಿಗುವುದು ತೂಕಕ್ಕೆ. ಟ್ರ್ಯಾಕ್ಟರ್ ತೂಕದ ಕಾಟಾ ಏರುವ ಮುಂಚೆ ಕಟಾವಿನ ಫಡದಲ್ಲೋ ಸರದಿಯಲ್ಲೋ ನಿಂತಷ್ಟು ಹೊತ್ತು ಆವಿಯಾಗುವುದು ಅವರ ಹಣ. ಕಾಟಾ ಆದ ಮೇಲೆ ಅಂಗಳದಲ್ಲಿ ನಿಂತರೆ ಒಣಗಿದ ತೂಕದ ನಷ್ಟ ಕಾರ್ಖಾನೆಯದು. ಸರದಿ ಕಾಟಾದ ಯಾವ ಬದಿಗೆ ನಿಲ್ಲುತ್ತದೆ ಎಂಬುದರ ಮೇಲೆ ಒಂದೇ ನಷ್ಟದ ಒಡೆಯರು ಬದಲಾಗುತ್ತಾರೆ. ಕಾಟಾದ ಹೊರಗಿನ ತಾಸುಗಳು ಕಾರ್ಖಾನೆಯ ಯಾವ ದಿನವಹಿಯಲ್ಲೂ ಖರ್ಚಾಗಿ ಬೀಳುವುದಿಲ್ಲವಾದ್ದರಿಂದ ಅವು ಆಪ್ಟಿಮೈಸೇಷನ್ ಮಾದರಿಯೊಳಕ್ಕೂ ಬರುವುದಿಲ್ಲ.

ಬಂದರೆ ಉತ್ತರ ಬದಲಾಗುತ್ತದೆ. ಮಿಲ್ಲಿನ ವೇಗವನ್ನೇ ನೋಡಿ. ತಾಸಿಗೆ ಹೆಚ್ಚು ಕಬ್ಬು ತುರುಕಿದರೆ ಪ್ರತಿ ರೋಲರಿನ ಮೇಲೆ ನಾರಿನ ಹೊರೆ ಏರಿ ರಸ ತೆಗೆಯುವ ಪ್ರಮಾಣ ಇಳಿಯುತ್ತದೆ. ಬರೀ ಸಕ್ಕರೆ, ವಿದ್ಯುತ್ತಿನ ಗೆರೆ ನೋಡುವ ಎಂಜಿನಿಯರ್ ವೇಗ ತಗ್ಗಿಸಲು ಹೇಳುತ್ತಾರೆ. ಕಾಯುವ ತಾಸುಗಳನ್ನು ಮೂರನೆಯ ಅಕ್ಷವಾಗಿ ಇಟ್ಟರೆ, ಸರದಿ ಉದ್ದವಾದ ದಿನ ವೇಗ ಏರಿಸುವುದೇ ಒಟ್ಟಾರೆ ಲಾಭ ಎಂದು ಕಾಣಬಹುದು: ಮಿಲ್ಲಿನಲ್ಲಿ ಕಳೆದುಕೊಂಡದ್ದಕ್ಕಿಂತ ಬಿಸಿಲಿನಲ್ಲಿ ಉಳಿಸಿಕೊಂಡದ್ದು ಹೆಚ್ಚಿರುತ್ತದೆ. ಇನ್ನೂ ಮೇಲು ಎಂದರೆ ಸರದಿಯೇ ಬೆಳೆಯದಂತೆ ಕಟಾವನ್ನು ಹೊಂದಿಸುವುದು. ಯಾವ ಊರಿಗೆ ಯಾವ ದಿನ ಎಷ್ಟು ಗ್ಯಾಂಗ್ ಕಳಿಸಬೇಕು? ನಾಟಿಯ ದಿನಾಂಕದ ಪಾಳಿ ಮುರಿಯಬಾರದು, ಮಾಗಿದ ಕಬ್ಬು ಮೊದಲು ಬರಬೇಕು, ಟ್ರ್ಯಾಕ್ಟರ್ ಓಟ ಕಡಿಮೆಯಾಗಬೇಕು. ಕೋ 86032 ತಳಿಯ ಹೊಲಕ್ಕೂ ಸವಳು ನೆಲದಲ್ಲಿ ಬೆಳೆದ 265 ತಳಿಯ ಹೊಲಕ್ಕೂ ಮಾಗುವ ಕಾಲ ಒಂದಲ್ಲ. ಹಂಗಾಮಿನ ಆರಂಭದಲ್ಲಿ ಈ ಪಾಳಿಗಾಗಿ ನಡೆಯುವ ವಶೀಲಿ, ಜಗಳ ಎಲ್ಲರಿಗೂ ಗೊತ್ತು. ಗೆರೆಯನ್ನು ಬಹಿರಂಗವಾಗಿ ಬಿಡಿಸಿ ಗೋಡೆಗೆ ಅಂಟಿಸಿದರೆ ವಶೀಲಿಗೆ ಜಾಗ ಕಿರಿದಾಗುತ್ತದೆ.

ಇದರಲ್ಲಿರುವ ಹಣ ಸಣ್ಣದಲ್ಲ. 2025–26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ನ್ಯಾಯಯುತ ಮತ್ತು ಲಾಭದಾಯಕ ದರ, ಅಂದರೆ ಎಫ್ಆರ್‌ಪಿ ಕ್ವಿಂಟಲಿಗೆ 355 ರೂಪಾಯಿ, ಅದೂ ನೂರಕ್ಕೆ 10.25ರ ಸಕ್ಕರೆ ಇಳುವರಿಗೆ. ಇಳುವರಿ 0.1 ಏರಿದಾಗಲೆಲ್ಲ ಕ್ವಿಂಟಲಿಗೆ 3 ರೂಪಾಯಿ 46 ಪೈಸೆ, ಅಂದರೆ ಟನ್ನಿಗೆ 34 ರೂಪಾಯಿ 60 ಪೈಸೆ ಸೇರಬೇಕು. ಕೊನೆಯ ಮಿಲ್ಲಿನ ಬಿಸಿನೀರು, ಸರದಿಯ ತಾಸು, ಬಿ-ಹೆವಿಯ ಆಯ್ಕೆ, ಮೂರೂ ಈ ದಶಮಾಂಶವನ್ನು ಮುಟ್ಟುತ್ತವೆ. 2025ರ ನವೆಂಬರಿನಲ್ಲಿ ರಾಯಬಾಗದ ಪಕ್ಕದ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಕೇಳಿ ರಸ್ತೆಯಲ್ಲಿ ಕೂತರು. ಸರ್ಕಾರ 3,300ಕ್ಕೆ ಒಪ್ಪಂದ ಮಾಡಿಸಿತು. ಆ ಇನ್ನೂರು ರೂಪಾಯಿಯ ಜಗ್ಗಾಟದಲ್ಲಿ ಇಳುವರಿ, ತೂಕ, ವಿದ್ಯುತ್ ಆದಾಯದ ಲೆಕ್ಕಗಳು ಎರಡೂ ಕಡೆಯವರ ಮುಂದೆ ಒಂದೇ ಹಾಳೆಯಲ್ಲಿ ಇದ್ದಿದ್ದರೆ ಮಾತು ಬೇರೆ ನೆಲೆಯಲ್ಲಿ ನಡೆಯುತ್ತಿತ್ತು. ಗಡಿ ದಾಟಿದರೆ ಕೊಲ್ಹಾಪುರ ಜಿಲ್ಲೆಯ ಕಾರ್ಖಾನೆಗಳಿವೆ, ನಿಪ್ಪಾಣಿ, ಚಿಕ್ಕೋಡಿಯ ಕಬ್ಬು ಆ ಕಡೆಯೂ ಹೋಗುತ್ತದೆ. ಕಾಯಿಸುವ ಕಾರ್ಖಾನೆ ಕಬ್ಬನ್ನೇ ಕಳೆದುಕೊಳ್ಳುತ್ತದೆ.

ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ದೇಬ್ ಅವರ ವಿಧಾನ ಇಂದು ಉಚಿತವಾಗಿ ಸಿಗುತ್ತದೆ, ಅಂತಿಮ ವರ್ಷದ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ದತ್ತಾಂಶವೂ ಇದೆ. ಎಷ್ಟು ಕಬ್ಬು ನುರಿಸಿತು, ಎಷ್ಟು ನೀರು ಹನಿಸಿತು, ಬಗ್ಯಾಸಿನಲ್ಲಿ ಎಷ್ಟು ಸಕ್ಕರೆ ಉಳಿಯಿತು ಎಂಬುದನ್ನು ಪ್ರತಿ ಕಾರ್ಖಾನೆಯೂ ಹದಿನೈದು ದಿನಕ್ಕೊಮ್ಮೆ ಆರ್‌ಟಿ-7(ಸಿ) ನಮೂನೆಯಲ್ಲಿ, ಹಂಗಾಮಿನ ಕೊನೆಗೆ ಆರ್‌ಟಿ-8(ಸಿ)ಯಲ್ಲಿ ತುಂಬುತ್ತದೆ. ಟ್ರ್ಯಾಕ್ಟರ್ ಕಾಟಾ ಏರಿದ ಹೊತ್ತು, ಖಾಲಿಯಾಗಿ ಹೊರಬಿದ್ದ ಹೊತ್ತು ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ಸೇರಬೇಕಾದ್ದು ಕಬ್ಬು ಕಡಿದ ಹೊತ್ತು. ಅದು ಫಡದಲ್ಲಿ ನಿಂತು ಚೀಟಿ ಬರೆಯುವ ಸ್ಲಿಪ್‌ಬಾಯ್‌ಗೆ ಗೊತ್ತು. ರೈತರ ಹೆಸರು, ಹೊಲ, ತಳಿಯ ಜೊತೆಗೆ ಆ ಚೀಟಿಯಲ್ಲಿ ಕಟಾವಿನ ಹೊತ್ತಿಗೂ ಒಂದು ಖಾನೆ ಮುದ್ರಿಸಬೇಕು.